ಧರ್ಮಪುರಿಯ ಮನ್ರೋ ಸಾಹೇಬ

ಕತ್ತಿ ಹಿಡಿದು ಬಂದವನು ಕಂದಾಯದ ಕಡತ ಹಿಡಿದ ಕತೆ ಥಾಮಸ್ ಮನ್ರೋನದು. 1761ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿದ ಈತ 1780ರಲ್ಲಿ ಕಂಪೆನಿಯ ಸಿಪಾಯಿಯಾಗಿ ಮದರಾಸಿಗೆ ಬಂದು ಹೈದರಾಲಿಯ ವಿರುದ್ಧ ಕಾದಾಡಿದನು. 1792ರಲ್ಲಿ ಟಿಪ್ಪು ಸೇಲಂ, ಬಾರಾಮಹಲ್ ಸೀಮೆಗಳನ್ನು ಬಿಟ್ಟುಕೊಟ್ಟನು. ಇಂದಿಗೂ ನಮ್ಮಂತೆ ಕನ್ನಡದ ಮನೆಗಳಿರುವ ಧರ್ಮಪುರಿ ಈ ಬಾರಾಮಹಲಿನದೇ. ಅಲ್ಲಿಗೆ ಕಳುಹಿಸೋಣವೆಂದರೆ ಜನರ ಭಾಷೆ ಬಲ್ಲ ಸಿವಿಲ್ ಅಧಿಕಾರಿಗಳು ಕಾರ್ನ್‌ವಾಲಿಸನಿಗೆ ಸಿಗಲಿಲ್ಲ. ಕೆಲಸವು ಸೈನಿಕನಾದ ಅಲೆಕ್ಸಾಂಡರ್ ರೀಡ್ ಮತ್ತು ಆತನ ಸಹಾಯಕರ ಪಾಲಿಗೆ ಬಂತು. ಸಹಾಯಕರಲ್ಲಿ ಮನ್ರೋ ಒಬ್ಬ. ಏಳು ವರ್ಷ ಊರೂರು ತಿರುಗಿ, ಹೊಲಗಳನ್ನು ಅಳೆಸಿ, ರೈತನೊಡನೆ ನೇರವಾಗಿ ತೀರುವೆ ಗೊತ್ತುಮಾಡುವುದನ್ನು ಕಲಿತನು. ರೈತವಾರಿ ಪದ್ಧತಿ ರೂಪುಗೊಂಡದ್ದು ಅಲ್ಲಿ. ತೀರುವೆ ಹಗುರವೇನೂ ಆಗಿರಲಿಲ್ಲವೆನ್ನಿ.

1799ರಲ್ಲಿ ಕೆನರಾಕ್ಕೆ ಕಲೆಕ್ಟರನಾಗಿ ಬಂದನು. ನಮ್ಮ ಕಾಸರಗೋಡೂ ಆಗ ಅದರೊಳಗೇ ಇತ್ತು. ಇಲ್ಲಿನ ಮಳೆ ಅವನಿಗೆ ಸಾಕುಸಾಕಾಯಿತು. ಧರ್ಮಪುರಿಯಲ್ಲಿ ಬೆಳೆಸಿದ್ದ ತೋಟಕ್ಕಾಗಿ ಹಂಬಲಿಸಿದನು. ಮರುವರ್ಷವೇ ಬಳ್ಳಾರಿ, ಕಡಪೆಗಳ ದತ್ತಮಂಡಲಕ್ಕೆ ಹೋಗಿ ಪಾಳೆಯಗಾರರನ್ನು ಅಡಗಿಸಿದನು.

1820ರಲ್ಲಿ ಮದರಾಸಿನ ಗವರ್ನರನಾದನು. 1822ರಲ್ಲಿ ಊರ ಶಾಲೆಗಳನ್ನೆಲ್ಲ ಎಣಿಸಿ ತಿಳಿಸುವಂತೆ ಕಲೆಕ್ಟರರಿಗೆ ಆಜ್ಞೆಯಿತ್ತನು. ನಮ್ಮಂಥ ಮಾಸ್ತರರಿಗೆ ಮುಖ್ಯವಾದದ್ದು ಇದೇ. ಬಳ್ಳಾರಿಯಿಂದ 533 ಶಾಲೆಗಳ ಲೆಕ್ಕ ಬಂತು. 235ರಲ್ಲಿ ಪಾಠ ಕನ್ನಡದಲ್ಲಿ. ಕೆನರಾದ ಕಲೆಕ್ಟರನೋ, ಅದಕ್ಕೆ ಬಹಳ ಸಮಯ ಹಿಡಿಯುತ್ತದೆಂದು ಲೆಕ್ಕವನ್ನೇ ಕಳುಹಿಸಲಿಲ್ಲ. ಹಾಗಾಗಿ ಅಂದಿನ ಕಾಸರಗೋಡಿನ ಕನ್ನಡ ಮಕ್ಕಳು ಎಷ್ಟು ಕಡೆ ಅಕ್ಷರ ಕಲಿಯುತ್ತಿದ್ದರೆಂದು ತೋರಿಸಲು ನಮಗೆ ಆ ವರದಿಯಲ್ಲಿ ಒಂದು ಅಂಕಿಯೂ ಇಲ್ಲ.

ಊರಿಗೆ ಮರಳುವ ಮೊದಲು ದತ್ತಮಂಡಲವನ್ನು ಇನ್ನೊಮ್ಮೆ ನೋಡಹೋದ ಮನ್ರೋ 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾ ತಗಲಿ ತೀರಿಕೊಂಡನು.