ಎಪ್ಪತ್ತೆರಡು ಮನೆ ಕಟ್ಟಿದ ವೆಂಕಟಮಖಿ

ಕಳೆದ ಗಣೇಶ ಹಬ್ಬಕ್ಕೆ ಮುಂಡಗೋಡ ಕಡೆಯ ಒಂದು ಊರಿನಲ್ಲಿ ನಮ್ಮ ಗೆಳೆಯರ ಬಳಗದ ಆರ್ಕೆಸ್ಟ್ರಾ ಇತ್ತು. ಕೀಬೋರ್ಡ್ ನನ್ನದಲ್ಲ. ದಾಂಡೇಲಿಯ ಪರಿಚಯದ ಅಣ್ಣನೊಬ್ಬನಿಂದ ಒಂದು ರಾತ್ರಿಗೆಂದು ತಂದಿದ್ದು. ಸಾವಿರಕ್ಕೂ ಹೆಚ್ಚು ಟೋನ್ ಇರುವ ಯಂತ್ರ. ಹಾಡುವವನು ಪಲ್ಲವಿ ಮುಗಿಸಿದ, ಕೊಳಲಿನ ಬಿಟ್ ಬರಬೇಕು, ನಾನು ಡಯಲ್ ತಿರುಗಿಸುತ್ತಲೇ ಇದ್ದೇನೆ. ಕೊಳಲು ಅದರೊಳಗೆ ಎಲ್ಲೋ ಇದೆ, ಮಧ್ಯಾಹ್ನ ಕೇಳಿದ್ದೆ. ಎಲ್ಲಿ ಎಂಬುದು ಮಾತ್ರ ನೆನಪಿಲ್ಲ. ಗಾಬರಿಯಲ್ಲಿ ಒತ್ತಿದೆ, ಚರ್ಚ್ ಆರ್ಗನ್ ಮೊಳಗಿತು. ಜನ ಹೊಡೆದ ಸಿಳ್ಳೆ ಈಗಲೂ ಕಿವಿಯಲ್ಲಿದೆ.

ಮರುದಿನ ಕೀಬೋರ್ಡ್ ವಾಪಸ್ ಕೊಡುವಾಗ ಆ ಅಣ್ಣ ತನ್ನ ಹಳೆಯ ಯಂತ್ರದ ಅಂಚಿಗೆ ಅಂಟಿಸಿದ್ದ ಚೀಟಿ ತೋರಿಸಿದ. ಕೊಳಲು 74, ಸಿತಾರ್ 105, ಶಹನಾಯಿ 112. ಹೆಸರು ಕಂಪನಿಗೊಂದು ಥರ ಇರುತ್ತದೆ, ನಂಬರ್ ಹಿಡಿ ಎಂದ. ಅದು 1991ರಲ್ಲಿ ಕೀಬೋರ್ಡ್ ತಯಾರಕರು ಒಪ್ಪಿಕೊಂಡ ಜನರಲ್ ಮಿಡಿ ಪಟ್ಟಿ. 128 ಸದ್ದುಗಳು, ಎಂಟೆಂಟರಂತೆ 16 ಗುಂಪು. ಈ ಕಥೆಯನ್ನು ಹಳಿಯಾಳದಲ್ಲಿ ನನಗೆ ಹಾರ್ಮೋನಿಯಂ ಕಲಿಸುವ ಗುರುಗಳಿಗೆ ಹೇಳಿದರೆ ಅವರು ನಕ್ಕರು. ಇದಕ್ಕಿಂತ ಗಟ್ಟಿಯಾದ ಪಟ್ಟಿಯನ್ನು ಮುನ್ನೂರೈವತ್ತು ವರ್ಷಗಳ ಹಿಂದೆಯೇ ಒಬ್ಬ ಮಾಡಿಟ್ಟಿದ್ದಾನೆ, ಅದೂ ಕನ್ನಡ ಮನೆತನದವನು ಎಂದರು. ಸೆಮಿಸ್ಟರ್ ರಜೆಯಲ್ಲಿ ನಾನು ವೆಂಕಟಮಖಿಯನ್ನು ಓದಲು ಕೂತಿದ್ದು ಹೀಗೆ.

ಅವನ ನಿಜ ಹೆಸರು ವೆಂಕಟೇಶ್ವರ ದೀಕ್ಷಿತ. ಯಜ್ಞ ಮಾಡಿದವನಾದ್ದರಿಂದ ಮಖಿ. 1565ರ ಯುದ್ಧದಲ್ಲಿ ವಿಜಯನಗರ ಸೋತ ಮೇಲೆ ಅಲ್ಲಿನ ವಿದ್ಯೆ, ಸಂಗೀತಕ್ಕೆಲ್ಲ ದೊಡ್ಡ ಆಸರೆಯಾದದ್ದು ತಂಜಾವೂರಿನ ನಾಯಕರ ಆಸ್ಥಾನ. ಅಲ್ಲಿ ಮಂತ್ರಿಯಾಗಿದ್ದವನು ಗೋವಿಂದ ದೀಕ್ಷಿತ. ತಮಿಳು ನೆಲದಲ್ಲಿ, ತೆಲುಗು ದೊರೆಗಳ ಕೈಕೆಳಗೆ ರಾಜ್ಯದ ಕೆಲಸ ನೋಡಿಕೊಂಡ ಕನ್ನಡ ಬ್ರಾಹ್ಮಣ. ವೆಂಕಟಮಖಿ ಅವನ ಮಗ, ತಾಯಿ ನಾಗಾಂಬೆ. ಅಣ್ಣ ಯಜ್ಞನಾರಾಯಣ ದೀಕ್ಷಿತ ಕವಿ. ತಮ್ಮನಿಗೆ ಶಾಸ್ತ್ರ ಕಲಿಸಿದವನೂ ಅವನೇ. ಸಂಗೀತದ ಗುರು ತಾನಪ್ಪಾಚಾರ್ಯ. ವೆಂಕಟಮಖಿ ಬರೀ ಸಂಗೀತದವನಲ್ಲ, ಮೀಮಾಂಸೆಯ ಮೇಲೂ ಗ್ರಂಥ ಬರೆದ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಎರಡು ಬ್ರಾಂಚಿನಲ್ಲಿ ಪಾಸಾದವನು.

ಆ ಮನೆಯಲ್ಲಿ ವೀಣೆ ಎಂದರೆ ಪೂಜೆಯ ವಸ್ತುವಷ್ಟೇ ಆಗಿರಲಿಲ್ಲ, ಬಿಚ್ಚಿ ಜೋಡಿಸಿ ನೋಡುವ ಯಂತ್ರವೂ ಆಗಿತ್ತು. ಆ ಕಾಲದ ವೀಣೆಗಳಲ್ಲಿ ಎರಡು ಬಗೆ. ಒಂದರಲ್ಲಿ ರಾಗ ಬದಲಾದಾಗಲೆಲ್ಲ ಮೆಟ್ಟಿಲುಗಳನ್ನು ಸರಿಸಿ ಕೂರಿಸಬೇಕು. ಇನ್ನೊಂದರಲ್ಲಿ ಎಲ್ಲ ಸ್ವರಸ್ಥಾನಗಳಿಗೂ ಮೆಟ್ಟಿಲು ಸ್ಥಿರ, ಯಾವ ರಾಗ ಬೇಕಾದರೂ ನುಡಿಸಬಹುದು. ದೊರೆ ರಘುನಾಥ ನಾಯಕ ಸ್ವತಃ ವೀಣೆ ಬಲ್ಲವನು. ಅವನ ಹೆಸರಿನಲ್ಲೇ ಒಂದು ಬಗೆಯ ವೀಣೆ ಬಳಕೆಗೆ ಬಂತು. ಮೆಟ್ಟಿಲು ಸ್ಥಿರವಾಯಿತು ಎಂದರೆ ನಮ್ಮ ಕೀಬೋರ್ಡಿನ ಹಾಗಾಯಿತು: ಎಲ್ಲ ಸ್ವರಗಳೂ ಯಾವಾಗಲೂ ಕೈಗೆ ಸಿಗುತ್ತವೆ, ಯಾವುದನ್ನು ಆರಿಸುತ್ತೀರಿ ಎಂಬುದಷ್ಟೇ ಉಳಿದ ಪ್ರಶ್ನೆ. ಆಯ್ಕೆಗಳು ಒಟ್ಟು ಎಷ್ಟು? ವೆಂಕಟಮಖಿ ಕೈ ಹಾಕಿದ್ದು ಈ ಲೆಕ್ಕಕ್ಕೆ.

ರಘುನಾಥನ ಮಗ ವಿಜಯರಾಘವ ನಾಯಕನ ಕಾಲದಲ್ಲಿ ಅವನು ಬರೆದ ಗ್ರಂಥ ‘ಚತುರ್ದಂಡೀ ಪ್ರಕಾಶಿಕೆ’. ಆಲಾಪ, ಠಾಯ, ಗೀತ, ಪ್ರಬಂಧ ಎಂಬ ನಾಲ್ಕು ದಂಡಿಗಳ ಮೇಲೆ ಬೆಳಕು ಚೆಲ್ಲುವ ಪುಸ್ತಕ. ಗಮನಿಸಿ, ಮೊದಲ ಪ್ರಕರಣ ಶ್ರುತಿಯದಲ್ಲ, ಸ್ವರದ್ದೂ ಅಲ್ಲ, ವೀಣೆಯದು. ಯಂತ್ರ ಮೊದಲು, ಸಿದ್ಧಾಂತ ಆಮೇಲೆ. ಲ್ಯಾಬ್ ಮುಗಿಸಿ ಥಿಯರಿ ಕ್ಲಾಸಿಗೆ ಹೋದ ಹಾಗೆ.

ಲೆಕ್ಕವನ್ನು ಕೀಬೋರ್ಡಿನ ಮೇಲೇ ನೋಡೋಣ. ಸಿ ಕೀಯನ್ನು ಸ ಎಂದುಕೊಳ್ಳಿ. ಸ, ಪ ಎರಡೂ ಅಲುಗುವುದಿಲ್ಲ. ರಿ ಮತ್ತು ಗ ಕೂರಲು ನಡುವೆ ನಾಲ್ಕು ಕೀಗಳಿವೆ. ನಾಲ್ಕರಲ್ಲಿ ಎರಡನ್ನು ಆರಿಸುವ ಬಗೆ 6. ಧ, ನಿ ಇಬ್ಬರಿಗೂ ಮೇಲೆ ಅಂಥವೇ ನಾಲ್ಕು ಕೀ, ಅಲ್ಲೂ 6. ಮಧ್ಯಮಕ್ಕೆ ಎರಡು ಜಾಗ. 6 × 6 × 2 = 72. ಪಿಯುಸಿಯ ಕಾಂಬಿನೇಷನ್ ಪಾಠವೇ. ಶುದ್ಧ ಮಧ್ಯಮದ 36 ಮೊದಲು, ಪ್ರತಿ ಮಧ್ಯಮದ 36 ಆಮೇಲೆ. ಬರೀ ಬಿಳಿ ಕೀಗಳನ್ನು ನುಡಿಸಿದರೆ 29, ಅಂದರೆ ಶಂಕರಾಭರಣ. ಅದರಲ್ಲಿ ಮಧ್ಯಮವೊಂದನ್ನು ಪಕ್ಕದ ಕರಿ ಕೀಗೆ ಸರಿಸಿದರೆ 36 ಕೂಡುತ್ತದೆ, 65, ಕಲ್ಯಾಣಿ. ಕೋಡ್ ಬರೆದರೆ ಮೂರು ಫಾರ್ ಲೂಪ್ ಸಾಕು. ನಾನು ಬರೆದೂ ನೋಡಿದೆ. ಹದಿನೇಳನೇ ಶತಮಾನದವನ ಔಟ್‌ಪುಟ್‌ಗೂ ನನ್ನದಕ್ಕೂ ಒಂದೂ ವ್ಯತ್ಯಾಸವಿಲ್ಲ.

ಆದರೆ ಕಷ್ಟ ಇದ್ದದ್ದು ಲೆಕ್ಕದಲ್ಲಲ್ಲ. ಆ ದಿನಗಳಲ್ಲಿ ಬಳಕೆಯಲ್ಲಿ ಇದ್ದ ಮೇಳಗಳು ಅವನ ಎಣಿಕೆಯಲ್ಲೇ 19. ಅದರಲ್ಲಿ ಸಿಂಹರವ ಎಂಬುದು ಅವನದೇ ಸೃಷ್ಟಿ. ಉಳಿದ 53 ಖಾಲಿ ಮನೆ. ಯಾರೂ ಹಾಡದ, ಯಾರೂ ಕೇಳದ ಮೇಳಗಳಿಗೆ ಜಾಗ ಕಾದಿರಿಸುವುದು ದಂಡದ ಕೆಲಸವಲ್ಲವೇ? ಈ ಆಕ್ಷೇಪ ಬರುತ್ತದೆ ಎಂದು ಅವನಿಗೇ ಗೊತ್ತಿತ್ತು, ಗ್ರಂಥದಲ್ಲೇ ಉತ್ತರ ಕೊಟ್ಟ. ಛಂದಸ್ಸಿನವರು ಪ್ರಸ್ತಾರ ಹಾಕುವಾಗ ಯಾವ ಕವಿಯೂ ಬಳಸದ ವೃತ್ತಗಳನ್ನೂ ಎಣಿಸುತ್ತಾರಲ್ಲ, ಇದೂ ಹಾಗೆಯೇ ಎಂದ. ಬೇರೆ ಬೇರೆ ದೇಶಗಳಲ್ಲಿ ಇರುವ ರಾಗಗಳು, ನಮಗೆ ತಿಳಿಯದವು, ಮುಂದೆ ಯಾರೋ ಹುಟ್ಟಿಸುವವು, ಅವಕ್ಕೆಲ್ಲ ಜಾಗ ಬೇಡವೇ ಎಂಬುದು ಅವನ ವಾದ. ಪ್ಲೇಸ್‌ಮೆಂಟ್ ಹತ್ತಿರ ಬಂದಿದೆ, ಕೀಬೋರ್ಡ್ ಹಿಡಿದು ಕೂತರೆ ಏನು ಬಂತು ಎಂದು ದಿನವೂ ಕೇಳುವ ನನ್ನ ಅಪ್ಪನಿಗೆ ಇಷ್ಟು ಒಳ್ಳೆಯ ಉತ್ತರ ನನಗಿನ್ನೂ ಹೊಳೆದಿಲ್ಲ.

ಅವನ ಎಲ್ಲವೂ ನನಗೆ ಹಿಡಿಸಿತು ಎನ್ನಲಾರೆ. ಅಳಿಯ ರಾಮರಾಯನ ಆಶ್ರಯದಲ್ಲಿ 1550ರಲ್ಲಿ ‘ಸ್ವರಮೇಳ ಕಲಾನಿಧಿ’ ಬರೆದ ರಾಮಾಮಾತ್ಯ 20 ಮೇಳ ಹೇಳಿದ್ದ. ವೆಂಕಟಮಖಿ ಅವನನ್ನು ಅಟ್ಟಾಡಿಸಿಕೊಂಡು ಟೀಕಿಸುತ್ತಾನೆ. ನೂರು ವರ್ಷ ಮೊದಲು ದಾರಿ ಮಾಡಿಕೊಟ್ಟವನ ಮೇಲೆ ಅಷ್ಟು ಸಿಟ್ಟು ಬೇಕಿರಲಿಲ್ಲ. 72ಕ್ಕೆ ಒಂದು ಕೂಡಿಸಲು, ಒಂದು ಕಳೆಯಲು ಸಾಕ್ಷಾತ್ ಶಿವನಿಗೂ ಆಗದು ಎಂದು ಬೇರೆ ಬರೆದುಕೊಂಡ. ಗಣಿತ ಅವನ ಕಡೆಗಿತ್ತು ನಿಜ, ಆದರೂ! ಇನ್ನು ಕಲ್ಯಾಣಿ. ಅದು ತುರುಷ್ಕರಿಗೆ ಪ್ರಿಯವಾದ ರಾಗ, ಗೀತ ಪ್ರಬಂಧಗಳಿಗೆ ಒದಗದು ಎಂದು ಪಕ್ಕಕ್ಕಿಟ್ಟ. ಇವತ್ತು ಕಲ್ಯಾಣಿ ಇಲ್ಲದ ಕಛೇರಿ ಊಹಿಸಿಕೊಳ್ಳಿ. ತಮಾಷೆಯೆಂದರೆ ಅವನ ಇಷ್ಟಾನಿಷ್ಟ ಏನೇ ಇರಲಿ, ಅವನ ಪಟ್ಟಿ ಮಾತ್ರ ಕಲ್ಯಾಣಿಗೆ ತಪ್ಪದೆ ತನ್ನ ಮನೆಯನ್ನು ಕೊಟ್ಟಿತ್ತು.

1673ರಲ್ಲಿ ಮಧುರೆಯ ಚೊಕ್ಕನಾಥ ನಾಯಕನ ದಾಳಿಯಲ್ಲಿ ವಿಜಯರಾಘವ ಸತ್ತ, ತಂಜಾವೂರಿನ ನಾಯಕರ ಆಳ್ವಿಕೆ ಮುಗಿಯಿತು. ಗ್ರಂಥ ಶಿಷ್ಯರ, ವಂಶದವರ ಕೈಯಲ್ಲಿ ಪ್ರತಿಯಾಗುತ್ತಾ ಉಳಿಯಿತು. ಕೊನೆಯ ತಾಳ ಪ್ರಕರಣ ಸಿಕ್ಕಿಲ್ಲ, ಪ್ರಬಂಧ ಪ್ರಕರಣ ಅರ್ಧಕ್ಕೇ ನಿಂತಿದೆ. ಅವನ ವಂಶದ ವೆಂಕಟವೈದ್ಯನಾಥ ದೀಕ್ಷಿತರಿಂದ ಕಲಿತವರು ರಾಮಸ್ವಾಮಿ ದೀಕ್ಷಿತರು. ಅವರ ಮಗ ಮುತ್ತುಸ್ವಾಮಿ ದೀಕ್ಷಿತರು ಈ ಪದ್ಧತಿಯಲ್ಲೇ ಕೃತಿ ರಚಿಸಿದರು. ಮದ್ರಾಸಿನ ಮ್ಯೂಸಿಕ್ ಅಕಾಡೆಮಿ ಚತುರ್ದಂಡೀ ಪ್ರಕಾಶಿಕೆಯನ್ನು ಅಚ್ಚು ಹಾಕಿದ್ದು 1934ರಲ್ಲಿ.

ಹೆಸರಿನ ಸಂಗತಿಯೂ ಸೊಗಸಾಗಿದೆ. ಎಲ್ಲ 72ಕ್ಕೂ ಹೆಸರಿಟ್ಟವರು ಮುಂದಿನವರು. ಎರಡು ಸಂಪ್ರದಾಯಗಳಲ್ಲಿ ಎರಡು ಪಟ್ಟಿ. ಒಂದರಲ್ಲಿ ಮೊದಲನೆಯದು ಕನಕಾಂಗಿ, ಇನ್ನೊಂದರಲ್ಲಿ ಕನಕಾಂಬರಿ. ಕೊನೆಯದು ಒಂದರಲ್ಲಿ ರಸಿಕಪ್ರಿಯ, ಇನ್ನೊಂದರಲ್ಲಿ ರಸಮಂಜರಿ. ಕಟಪಯಾದಿ ಸೂತ್ರದಂತೆ ಮೊದಲ ಎರಡು ಅಕ್ಷರಗಳನ್ನು ಅಂಕಿಗೆ ತಿರುಗಿಸಿ ಹಿಂದುಮುಂದು ಮಾಡಿದರೆ ನಂಬರ್ ಸಿಗುತ್ತದೆ. ಕ ಎಂದರೆ 1, ನ ಎಂದರೆ 0, ತಿರುಗಿಸಿದರೆ 01. ರ 2, ಸ 7, ತಿರುಗಿಸಿದರೆ 72. ಹೆಸರು ಬೇರೆ, ವಿಳಾಸ ಒಂದೇ. ತೋಡಿಗೆ ಹನುಮ ಸೇರಿ ಹನುಮತೋಡಿಯಾದದ್ದು ಭಕ್ತಿಗಲ್ಲ, 8 ಬರಲಿ ಎಂದು. ನಾವು ಫೈಲ್ ಹೆಸರಿನ ಮುಂದೆ 01, 02 ಎಂದು ಬರೆಯುವುದಿಲ್ಲವೇ, ಹಾಗೆ.

ಇದೆಲ್ಲ ದಕ್ಷಿಣಾದಿ, ನಮ್ಮ ಧಾರವಾಡ ಸೀಮೆಗೇನು ಸಂಬಂಧ ಎನ್ನುವವರಿಗೆ ಒಂದು ಮಾತು. ಭಾತಖಂಡೆಯವರು 1904ರಲ್ಲಿ ಎಟ್ಟಯಪುರಕ್ಕೆ ಹೋಗಿ ಸುಬ್ಬರಾಮ ದೀಕ್ಷಿತರನ್ನು ಕಂಡು ಈ ಗ್ರಂಥದ ಪ್ರತಿ ಪಡೆದರು. ಹಿಂದೂಸ್ತಾನಿಯ ಹತ್ತು ಥಾಟ್‌ಗಳ ಹಿಂದೆ ಆ ಓದು ಇದೆ. ನನ್ನ ಗುರುಗಳು ಹಾರ್ಮೋನಿಯಂ ಮೇಲೆ ಭೈರವಿ ಎಂದು ನುಡಿಸುವ ಸ್ವರಗಳು ಕರ್ನಾಟಕ ಸಂಗೀತದವರಿಗೆ ತೋಡಿಯ ಸ್ವರಗಳು. ನಮ್ಮ ತೋಡಿ ಥಾಟ್ ಅವರಿಗೆ ಇನ್ನೇನೋ. ಹೆಸರು ಹಿಡಿದರೆ ಜಗಳ, 8 ಮತ್ತು 45 ಎಂದರೆ ಮುಗಿಯಿತು. ಸ್ವರಗಳ ಪಟ್ಟಿಯೇ ರಾಗವಲ್ಲ ಎಂದೂ ಗುರುಗಳು ಎಚ್ಚರಿಸಿದರು. ಮನೆಯ ನಂಬರ್ ಗೊತ್ತಾದರೆ ಒಳಗಿರುವವರು ಗೊತ್ತಾದಂತಲ್ಲವಂತೆ.

ಮುಂದಿನ ವಾರ ಜೋಯಿಡಾದಲ್ಲಿ ಕಾರ್ಯಕ್ರಮ. ಅದೇ ಅಣ್ಣನ ಅದೇ ಕೀಬೋರ್ಡ್. ಈ ಸಲ ಮೂರು ದಿನ ಮೊದಲೇ ತಂದು ಯೂಸರ್ ಬ್ಯಾಂಕ್ ಅಳಿಸಿ ಹೊಸದಾಗಿ ಜೋಡಿಸಿದ್ದೇನೆ. ಹಾಡಿನ ಹೆಸರಿನಿಂದಲ್ಲ, ಸದ್ದಿನ ಜಾತಿಯಿಂದ: ಊದುವವು, ಮೀಟುವವು, ಉಜ್ಜುವವು, ಬಡಿಯುವವು. ಸಾಲಿಗೆ ಎಂಟು, ಪ್ರತಿ ಸಾಲಿನ ಕೊನೆಯ ಎರಡು ಖಾಲಿ. ಇಷ್ಟೊಂದು ಜಾಗ ಯಾಕೆ ಬಿಟ್ಟೆ ಎಂದು ಅಣ್ಣ ಕೇಳಿದ. ಇದಕ್ಕೆ ಪೆನ್‌ಡ್ರೈವ್‌ನಿಂದ ಹೊಸ ಸದ್ದು ತುಂಬಬಹುದು. ನಮ್ಮ ಕಡೆಯ ಸಿದ್ದಿಗಳ ದಮಾಮಿಯ ಪೆಟ್ಟು ನಾನು ನೋಡಿದ ಯಾವ ಕಂಪನಿಯ ಪಟ್ಟಿಯಲ್ಲೂ ಇಲ್ಲ. ಭಾನುವಾರ ರೆಕಾರ್ಡ್ ಮಾಡಿಕೊಳ್ಳಲು ಬನ್ನಿ ಎಂದು ನುಡಿಸುವವರು ಹೇಳಿದ್ದಾರೆ. ಬಡಿಯುವ ಸಾಲಿನ 7ನೇ ಮನೆ ಅದಕ್ಕೆ. 8ನೆಯದು ಸದ್ಯಕ್ಕೆ ಖಾಲಿ ಇರಲಿ.