ಬೆಳ್ಳಿ ಕ್ಲಿಪ್ಪಿನ ಡಾಕ್ಟರು ವಾಲ್ಟರ್ ಡ್ಯಾಂಡಿ

ಹಾಸನ, ಮೈಸೂರಿನ ರೈಲು ಹಳಿ ಹುಬ್ಬಳ್ಳಿ ಲೈನ್‌ನಿಂದ ಕವಲೊಡೆಯೋದು ನಮ್ಮ ಅರಸೀಕೆರೆ ಜಂಕ್ಷನ್‌ನಲ್ಲಿ. ನಮ್ಮ ಮಿದುಳಿನ ರಕ್ತನಾಳಗಳಲ್ಲೂ ಇಂಥ ಜಂಕ್ಷನ್‌ಗಳಿವೆ. ಅಲ್ಲಿ ರಕ್ತದ ಹೊಡೆತ ಜಾಸ್ತಿ. ಗೋಡೆ ಸವೆದರೆ ನಾಳ ಬಲೂನಿನಂತೆ ಊದುತ್ತೆ. ಇದೇ ಅನ್ಯೂರಿಸಂ, ಒಡೆದರೆ ಜೀವಕ್ಕೇ ಕುತ್ತು. ಅದರ ಕತ್ತಿಗೆ ಮೊದಲು ಕ್ಲಿಪ್ ಹಾಕಿದವರು ವಾಲ್ಟರ್ ಡ್ಯಾಂಡಿ. ಅವರೂ ರೈಲ್ವೆ ಊರಿನವರೇ!

ಡ್ಯಾಂಡಿ ಹುಟ್ಟಿದ್ದು 1886ರ ಏಪ್ರಿಲ್ 6ರಂದು, ಅಮೆರಿಕದ ಮಿಸೌರಿ ರಾಜ್ಯದ ಸೆಡೇಲಿಯಾದಲ್ಲಿ. ಅಪ್ಪ ರೈಲು ಎಂಜಿನ್ ಓಡಿಸುತ್ತಿದ್ದರು. ಮಗ 1910ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವೈದ್ಯ ಪದವಿ ಪಡೆದು ಕೊನೆತನಕ ಅಲ್ಲೇ ದುಡಿದರು.

ಆಗ ಸ್ಕ್ಯಾನಿಂಗ್ ಇರಲಿಲ್ಲ. ಎಕ್ಸ್‌ರೇಯಲ್ಲಿ ತಲೆಬುರುಡೆ ಕಾಣುತ್ತಿತ್ತು, ಮಿದುಳು ಕಾಣುತ್ತಿರಲಿಲ್ಲ. 1918ರಲ್ಲಿ ಡ್ಯಾಂಡಿ ಮಿದುಳೊಳಗಿನ ಪೊಳ್ಳುಗಳ ದ್ರವ ತೆಗೆದು, ಗಾಳಿ ತುಂಬಿಸಿ ಎಕ್ಸ್‌ರೇ ತೆಗೆಯುವ ದಾರಿ ತೋರಿಸಿದರು. ಪೊಳ್ಳಿನ ಆಕಾರ ಕೆಟ್ಟಿದ್ದರೆ ಗಡ್ಡೆ ಎಲ್ಲಿದೆ ಅಂತ ಗೊತ್ತಾಗುತ್ತಿತ್ತು. 1923ರಲ್ಲಿ ಆಪರೇಷನ್ ಆದವರನ್ನು ಹತ್ತಿರದಿಂದ ನೋಡಿಕೊಳ್ಳಲು ಮೂರು ಹಾಸಿಗೆಯ ವಿಭಾಗ ತೆರೆದರು. ಇಂದಿನ ಐಸಿಯುಗೆ ಅದೇ ಒಂದು ಮೊದಲು.

1937ರ ಮಾರ್ಚ್ 23ರಂದು ಡ್ಯಾಂಡಿ 43 ವರ್ಷದ ರೋಗಿಯೊಬ್ಬರ ತಲೆಬುರುಡೆ ತೆರೆದು, ಅನ್ಯೂರಿಸಂನ ಕತ್ತನ್ನು ಪುಟ್ಟ ಬೆಳ್ಳಿ ಕ್ಲಿಪ್ಪಿನಿಂದ ಬಿಗಿದರು. ರೋಗಿ ಬದುಕಿದರು. ಇಂದು ಟೈಟಾನಿಯಂ ಕ್ಲಿಪ್ ಬಂದಿದೆ, ಉಪಾಯ ಅದೇ.

ಆದರೆ ಕ್ಲಿಪ್ ಹಾಕಿದಾಕ್ಷಣ ಕಥೆ ಮುಗಿಯಲ್ಲ. ಕೆಲವರಿಗೆ ಹೃದಯದಿಂದ ಹೊರಡುವ ಮಹಾಪಧಮನಿ ಹುಟ್ಟಿನಿಂದಲೇ ಒಂದು ಕಡೆ ಕಿರಿದಾಗಿರುತ್ತೆ. ಕಿರಿದಾದ ಜಾಗದ ಮೇಲ್ಗಡೆ ಬಿಪಿ ಜಾಸ್ತಿ, ಕೆಳಗಡೆ ಕಮ್ಮಿ. ಇಂಥವರಲ್ಲಿ ಅನ್ಯೂರಿಸಂ ಕೂಡ ಹೆಚ್ಚು. ದೋಷ ಗೊತ್ತಿಲ್ಲದೆ, ತೋಳಿನ ಬಿಪಿ ಮಾತ್ರ ನೋಡಿ ಔಷಧಿಯಿಂದ ಇಳಿಸಿದರೆ ಏನಾಗುತ್ತೆ? ಕಿಡ್ನಿಗೂ ಬೆನ್ನುಹುರಿಗೂ ರಕ್ತ ಸಾಲದು. ಆಪರೇಷನ್ ತಲೆಗೆ, ಪೆಟ್ಟು ಕಾಲಿಗೆ! ಅಪರೂಪ ನಿಜ, ಆದರೆ ಹಾನಿ ದೊಡ್ಡದು. ಸುಳಿವು ಮಾತ್ರ ಸುಲಭ: ತೋಳಿನ ಬಿಪಿ ಜೊತೆ ಕಾಲಿನದ್ದೂ ನೋಡಬೇಕು. ಒಂದೇ ಗೇಜ್ ನಂಬಿ ಇಡೀ ಪೈಪ್‌ಲೈನಿನ ಲೆಕ್ಕ ಹಾಕಬಾರದು ಅನ್ನೋದು ನಮಗೂ ಗೊತ್ತಲ್ಲ!

ಈ ಕಿರಿದಾದ ನಾಳವನ್ನು ಸ್ವೀಡನ್ನಿನ ಕ್ಲಾರೆನ್ಸ್ ಕ್ರಾಫೋರ್ಡ್ ಮೊದಲ ಬಾರಿ ಸರಿಪಡಿಸಿದ್ದು 1944ರಲ್ಲಿ. ಡ್ಯಾಂಡಿ ಅನ್ಯೂರಿಸಂ ಕುರಿತು ಪುಸ್ತಕ ತಂದದ್ದೂ ಅದೇ ವರ್ಷ. 1946ರ ಏಪ್ರಿಲ್ 19ರಂದು, 60 ತುಂಬಿದ ಎರಡೇ ವಾರಕ್ಕೆ, ಡ್ಯಾಂಡಿ ಹೃದಯಾಘಾತದಿಂದ ತೀರಿಕೊಂಡರು. ಅವರು ತೋರಿಸಿದ ದಾರಿಯಲ್ಲಿ ಇಂದಿಗೂ ಜೀವಗಳು ಉಳಿಯುತ್ತಿವೆ.