ಬಿಸಿಲ್ಗುದುರೆಯನ್ನು ನಂಬಿದ ವಿಜ್ಞಾನಿ: ಸಿ.ವಿ. ರಾಮನ್

ನಮ್ಮ ಕಾವ್ಯಪರಂಪರೆಯಲ್ಲಿ ಬಿಸಿಲ್ಗುದುರೆಯು ಹುಸಿಯಾಸೆಯ ಪ್ರತಿಮೆ. ಚಂದ್ರಶೇಖರ ವೆಂಕಟರಾಮನ್ ಅವರಿಗಾದರೋ ಅದು ಹುಸಿಯಲ್ಲ. ಬೆಳಕು ಬಾಗುವ ದಿಟವಾದ ವಿದ್ಯಮಾನ. ಅವರ ಬಾಳಿನ ಮೊದಲ ಸಂಶೋಧನೆಯೂ ಬೆಳಕಿನ ಬಾಗುವಿಕೆಯನ್ನು ಕುರಿತದ್ದೇ ಎಂಬುದು ಗಮನಾರ್ಹ.

1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದ ರಾಮನ್, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗಲೇ, ಗಾಜಿನ ಪಟ್ಟಕದ ಮೇಲೆ ಓರೆಯಾಗಿ ಬಿದ್ದ ಬೆಳಕು ಮೂಡಿಸುವ ಅಸಮ ವಿವರ್ತನ ಪಟ್ಟೆಗಳನ್ನು ಗುರುತಿಸಿದರು. ಆ ಲೇಖನ 1906ರಲ್ಲಿ ಇಂಗ್ಲೆಂಡಿನ ಫಿಲಾಸಫಿಕಲ್ ಮ್ಯಾಗಜೀನ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಮರುವರ್ಷ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ಹೋದ ಅವರು ಕಚೇರಿಯ ವೇಳೆಯ ಆಚೆಗೆ ಪ್ರಯೋಗನಿರತರಾದರು. 1917ರಲ್ಲಿ ಹೆಚ್ಚಿನ ಸಂಬಳದ ಆ ಹುದ್ದೆಯನ್ನು ತೊರೆದು ಪ್ರಾಧ್ಯಾಪಕರಾದರು. 1928ರ ಫೆಬ್ರವರಿ 28ರಂದು ಕಂಡ ರಾಮನ್ ಪರಿಣಾಮವು ಅವರಿಗೆ 1930ರ ನೊಬೆಲ್ ಪ್ರಶಸ್ತಿಯನ್ನು ತಂದಿತು.

1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದ ಮೇಲೂ ಹಳೆಯ ಆಸಕ್ತಿ ಬಾಡಲಿಲ್ಲ. ಕಿವಿಗೆ ಕೇಳಿಸದ ಧ್ವನಿತರಂಗಗಳು ದ್ರವದೊಳಗೆ ಹಾಯುವಾಗ ಅದರ ಸಾಂದ್ರತೆ ಏರಿಳಿಯುತ್ತದೆ. ಅದನ್ನು ಅಡ್ಡಹಾಯುವ ಬೆಳಕಿನ ಅಲೆ ಸುಕ್ಕುಗಟ್ಟಿ ಹಲವು ದಿಕ್ಕುಗಳಿಗೆ ಒಡೆಯುತ್ತದೆ. ನಾಗೇಂದ್ರನಾಥರೊಡನೆ 1935-36ರಲ್ಲಿ ಅವರು ರೂಪಿಸಿದ ಈ ಸಿದ್ಧಾಂತ ಇಂದಿಗೂ ಇಬ್ಬರ ಹೆಸರಿನಲ್ಲಿ ನಿಂತಿದೆ. ಅದೇ ವೇಳೆಗೆ ಆಡಳಿತದ ಕಲಹ ಬೆಳೆದು, ವಿಚಾರಣಾ ಸಮಿತಿ ಕುಳಿತು, 1937ರಲ್ಲಿ ಅವರು ನಿರ್ದೇಶಕ ಸ್ಥಾನವನ್ನು ಬಿಡಬೇಕಾಯಿತು. ಸ್ಥಾನ ಹೋದರೂ ಊರು ಬಿಡಲಿಲ್ಲ. 1948ರವರೆಗೆ ಅಲ್ಲಿಯೇ ಪ್ರಾಧ್ಯಾಪಕರಾಗಿದ್ದು, ಬಳಿಕ ತಮ್ಮದೇ ಸಂಶೋಧನಾ ಸಂಸ್ಥೆಯನ್ನು ಕಟ್ಟಿದರು.

ಎಪ್ಪತ್ತರ ಹರೆಯದಲ್ಲಿ, 1959ರಲ್ಲಿ, ಸೋದರಳಿಯ ಪಂಚರತ್ನಂ ಅವರೊಡನೆ ಬಿಸಿಲ್ಗುದುರೆಯನ್ನೇ ಕುರಿತು ಬರೆದರು. ಕಾದ ನೆಲದ ಮೇಲಿನ ವಿರಳವಾದ ಗಾಳಿಯಲ್ಲಿ ಕಿರಣವು ಬಾಗುತ್ತ ಬಂದು ನೆಲಕ್ಕೆ ಸಮಾಂತರವಾಗುತ್ತದೆ ಎಂಬುದು ಪಠ್ಯಪುಸ್ತಕದ ವಿವರಣೆ. ಸಮಾಂತರವಾದ ಕಿರಣ ಮತ್ತೆ ಮೇಲಕ್ಕೆ ತಿರುಗುವುದೇಕೆ? ಕಿರಣವನ್ನು ಬರಿಯ ರೇಖೆಯೆಂದು ಎಣಿಸಿದರೆ ಇದಕ್ಕೆ ಸಮಾಧಾನ ದೊರೆಯದೆಂಬುದು ಅವರ ವಾದ. ಬೆಳಕಿನ ಅಲೆಗುಣದಲ್ಲಿ ಅದನ್ನು ಅರಸಬೇಕೆಂದು ಅವರು ಬಗೆದರು. ಎಲ್ಲರೂ ಬಲ್ಲೆವೆಂದು ದಾಟಿಹೋಗುವ ಕಡೆಯಲ್ಲಿ ನಿಂತು ಕೇಳುವುದೇ ರಾಮನ್ನರ ವಿಧಾನ.

ಈ ಹಟವು ಅವರನ್ನು ಎಲ್ಲ ಕಾಲಕ್ಕೂ ಗೆಲ್ಲಿಸಲಿಲ್ಲ. ಹೂಗಳ ಬಣ್ಣದಿಂದ ಕಣ್ಣಿನ ರಚನೆಯವರೆಗೆ ಹಬ್ಬಿದ ಕೊನೆಯ ವರ್ಷಗಳ ದೃಷ್ಟಿಸಿದ್ಧಾಂತವನ್ನು ವಿದ್ವತ್ಲೋಕ ಒಪ್ಪಲಿಲ್ಲ. ಆದರೂ ಕಂಡದ್ದನ್ನು ಪ್ರಶ್ನಿಸುವ ಧೈರ್ಯ ಕುಂದಲಿಲ್ಲ. 1970ರ ನವೆಂಬರ್ 21ರಂದು ತೀರಿಕೊಂಡ ಅವರಿಗೆ ಅವರ ಸಂಸ್ಥೆಯ ಉದ್ಯಾನದಲ್ಲಿಯೇ ಅಂತ್ಯಸಂಸ್ಕಾರವಾಯಿತು. ಆ ಸ್ಥಳದಲ್ಲಿ ಗೋರಿಯಿಲ್ಲ. ಒಂದು ಮರವನ್ನು ನೆಡಲಾಯಿತು.